ದೊಡ್ಡ ಕಿನ್ನರಿಯ ಎಡ ಹುಬ್ಬು

ಫೆಬ್ರವರಿ 6

ಅಕ್ಕಾ,

ಕೊನೆಗೂ ಮುಗಿಯಿತು. ನಾಲ್ಕು ವರ್ಷ ಗೀಚಿದ್ದೆಲ್ಲ ಸೇರಿ ಒಂದು ಗಂಟೆ ನಲವತ್ತು ನಿಮಿಷದ ಸಿನಿಮಾ ಆಗಿದೆ. ‘ಕಾಣದ ರೆಕ್ಕೆ’ ಎಂದು ಹೆಸರಿಟ್ಟಿದ್ದಾರೆ. ಇಬ್ಬರು ಕಿನ್ನರಿಯರು, ಏಳು ಹಾಡು, ಮಾತಾಡುವ ಒಂದು ಜೀರುಂಡೆ. ಜೀರುಂಡೆಯ ವಿಷಯಕ್ಕೆ ಈಗಲೇ ಕ್ಷಮೆ ಕೇಳಿಬಿಡುತ್ತೇನೆ, ಅದು ನನ್ನ ಕೈಕೆಲಸವಲ್ಲ.

ಇಪ್ಪತ್ತನೇ ತಾರೀಕು ನಿಮ್ಮೂರಿನಲ್ಲಿ ಪತ್ರಿಕೆಯವರಿಗೆಂದು ಮೊದಲೇ ತೋರಿಸುತ್ತಾರಂತೆ. ನೀನೇ ಹೋಗು, ನಿನ್ನ ‘ಒಪ್ಪು–ತಪ್ಪು’ ಅಂಕಣದಲ್ಲಿ ನೀನೇ ಬರಿ. ತಂಗಿಯೆಂದು ಬೆಣ್ಣೆ ಹಚ್ಚಬೇಡ, ತಂಗಿಯೆಂದು ಉಪ್ಪು ಖಾರವನ್ನೂ ಹಚ್ಚಬೇಡ. ಫೋನಿನಲ್ಲಂತೂ ಹೇಳಲೇಬೇಡ. ಎರಡೇ ನಿಮಿಷಕ್ಕೆ ಜಗಳಕ್ಕಿಳಿಯುವ ನಮ್ಮಿಬ್ಬರಿಗೆ ಕಾಗದವೇ ವಾಸಿ.

ಯಾವ ಪಾತ್ರವನ್ನು ನಾನು ಬಿಡಿಸಿದ್ದೇನೆಂದು ಹೇಳುವುದಿಲ್ಲ. ನೋಡಿದ ಕೂಡಲೇ ನಿನಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ನೀನು ನನ್ನ ಅಕ್ಕನೇ ಅಲ್ಲ.

ಬೇಗ ಉತ್ತರ ಬರಿ. ಅಂಚೆಯ ಆಮೆಯಣ್ಣ ನಿವೃತ್ತನಾದ ಮೇಲೆ ನಮ್ಮ ಬೀದಿಯ ಅಂಚೆ ಚುರುಕಾಗಿರಬೇಕಲ್ಲ! ಒಂಬತ್ತು ವರ್ಷದ ಹಿಂದೆ ಇದೇ ಸ್ಟುಡಿಯೋ ಸಂದರ್ಶನಕ್ಕೆ ಕರೆದ ಕಾಗದವನ್ನು ಆ ಮಹಾಶಯ ತಾರೀಕು ಕಳೆದ ಮೇಲೆ ತಂದುಕೊಟ್ಟ. ನನ್ನ ಎರಡು ವರ್ಷ ಅವನ ಚೀಲದಲ್ಲಿ ಕೊಳೆಯಿತು. ಈಗಲೂ ನೆನೆದರೆ ಮೈ ಉರಿಯುತ್ತದೆ.

ನಿನ್ನ
ಮರಿ


ಫೆಬ್ರವರಿ 22

ಮರೀ,

ನೋಡಿದೆ. ಪ್ರೂಫ್ ತಿದ್ದುವ ಕೆಲಸ ಗುಡ್ಡೆ ಬಿದ್ದಿತ್ತು, ಅದಕ್ಕೇ ಬರೆಯುವುದು ಎರಡು ದಿನ ತಡವಾಯಿತು.

ಮೊದಲು ಒಪ್ಪು. ಜೌಗುನೆಲದ ಬಣ್ಣಗಳನ್ನು ಯಾರು ಹಚ್ಚಿದರೋ, ಅವರ ಕೈ ತಣ್ಣಗಿರಲಿ. ಮಂಜು ಸರಿದಂತೆ ಹುಲ್ಲಿನ ತುದಿಗಳು ಒಂದೊಂದಾಗಿ ಬೆಳಗುತ್ತವೆ, ಬರೀ ಅದಕ್ಕಾಗಿಯೇ ಇನ್ನೊಮ್ಮೆ ನೋಡಬಹುದು. ರೆಕ್ಕೆ ಕಳೆದುಕೊಂಡ ಚಿಕ್ಕ ಕಿನ್ನರಿ ಏಣಿ ಹತ್ತುತ್ತ ಹಾಡುವ ಹಾಡು ಚೆನ್ನಾಗಿದೆ. ಒಂದೊಂದು ಸಾಲಿಗೆ ಒಂದೊಂದು ಮೆಟ್ಟಿಲು. ಮೆಟ್ಟಿಲು ಮುಗಿದರೂ ಹಾಡು ಮುಗಿಯುವುದಿಲ್ಲ, ಅವಳು ಬರಿಗೈ ಚಾಚಿ ನಿಲ್ಲುತ್ತಾಳೆ. ನನ್ನ ಪಕ್ಕದಲ್ಲಿ ಕೂತಿದ್ದ ದಿನಪತ್ರಿಕೆಯವನು ಮದುವೆಮನೆಯಲ್ಲೂ ಮುಖ ಗಂಟು ಹಾಕಿಕೊಂಡಿರುವವನು, ಅವನೂ ಮೂಗು ಒರೆಸಿಕೊಂಡ.

ಇನ್ನು ತಪ್ಪು. ಏಳು ಹಾಡಿನಲ್ಲಿ ಎರಡು ದಂಡ. ಮೂರನೆಯ ಹಾಡಿನಲ್ಲಿ ಬಾಯಿ ಮುಚ್ಚಿದ ಮೇಲೂ ದನಿ ಬರುತ್ತಿದೆ. ಜೀರುಂಡೆ ಬಾಯಿ ತೆರೆದಾಗಲೆಲ್ಲ ಕಥೆ ಬಾಯಿ ಮುಚ್ಚುತ್ತದೆ. ಚಿಕ್ಕ ಕಿನ್ನರಿ ಅಂಗಡಿಯ ಗಾಜಿನ ಹಿಂದಿನ ಗೊಂಬೆ. ಅಷ್ಟು ಅತ್ತರೂ ಮೂಗು ಕೆಂಪಾಗುವುದಿಲ್ಲ.

ದೊಡ್ಡ ಕಿನ್ನರಿಯ ವಿಷಯ ಬೇರೆ. ಅವಳಿಗೆ ಸಿಟ್ಟು ಬಂದಾಗ ಎಡ ಹುಬ್ಬು ಮಾತ್ರ ಮೇಲೇರುತ್ತದೆ. ಹಾಡುವ ಮುಂಚೆ ಕೊರಳ ಕುಳಿಯ ಮೇಲೆ ಎರಡು ಬೆರಳಿಟ್ಟುಕೊಳ್ಳುತ್ತಾಳೆ. ಏನು ಕೇಳಿದರೂ “ನೋಡೋಣ” ಎನ್ನುತ್ತಾಳೆ. ನನ್ನ ಜೊತೆ ಬಂದಿದ್ದ ನಮ್ಮ ಟೈಪಿಸ್ಟ್ ಕತ್ತಲಲ್ಲಿ ಮೊಣಕೈಯಿಂದ ತಿವಿದು, “ಮೇಡಂ, ಇದು ನೀವೇ ಅಲ್ವಾ!” ಎಂದಳು. ನಾನು ನಕ್ಕೆ.

ಆ ದೊಡ್ಡವಳು ತಂಗಿಯ ರೆಕ್ಕೆಗಳನ್ನು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು, ಗಾಳಿ ಕದ್ದುಕೊಂಡು ಹೋಯಿತು ಎಂದು ಸುಳ್ಳು ಹೇಳುತ್ತಾಳೆ. ಏಳು ಚಳಿಗಾಲ. ನೀನು ಮನೆ ಬಿಟ್ಟೂ ಏಳು ವರ್ಷವಾಯಿತು. ಆ ಪೆಟ್ಟಿಗೆಯ ಕಥೆ ಯಾರದು? ನಿನ್ನದೇ? ನಿನಗೆ ಯಾರಾದರೂ ಏನಾದರೂ ಹೇಳಿದ್ದಾರೆಯೇ?

ಅಕ್ಕ


ಮಾರ್ಚ್ 1

ಅಕ್ಕಾ,

ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಂಡುಹಿಡಿದೆಯಲ್ಲ! ಹೌದು, ದೊಡ್ಡ ಕಿನ್ನರಿ ನನ್ನ ಕೂಸು. ಆದರೆ ಕಥೆ ನನ್ನದಲ್ಲ ಮಾರಾಯ್ತಿ. ಅದನ್ನು ಬರೆದ ಯಜಮಾನರಿಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ, ಒಂದು ಬೆಕ್ಕಿದೆ. ಪೆಟ್ಟಿಗೆ ಅವರದು, ಏಳು ಚಳಿಗಾಲವೂ ಅವರದೇ. ಮಂಚದ ಕೆಳಗೆ ಪೆಟ್ಟಿಗೆ ಯಾರ ಮನೆಯಲ್ಲಿಲ್ಲ ಹೇಳು?

ಹುಬ್ಬಿನ ಗುಟ್ಟು ಹೇಳುತ್ತೇನೆ. ನಮ್ಮ ಪ್ರತಿಯೊಬ್ಬರ ಮೇಜಿನ ಮೇಲೂ ಒಂದು ಕನ್ನಡಿ ಇರುತ್ತದೆ. ಮುದ್ರಿಸಿದ ದನಿಯನ್ನು ಮೊದಲು ಕೇಳಿಸುತ್ತಾರೆ. ನಾವು ಕನ್ನಡಿಯ ಮುಂದೆ ಅದೇ ಮಾತನ್ನು ಆಡಿ, ಮುಖ ಹೇಗೆ ತಿರುಚುತ್ತದೆಂದು ನೋಡಿಕೊಂಡು ಬಿಡಿಸುತ್ತೇವೆ. ಹಾಗಾಗಿ ಆ ಹುಬ್ಬು ನನ್ನದು. ನಿನ್ನದೂ ಅದೇ ಆಗಿದ್ದರೆ ಅಮ್ಮನನ್ನು ಕೇಳಬೇಕಿತ್ತು, ಈಗ ಅವಳಿಲ್ಲ. ಮೂರನೆಯ ಹಾಡನ್ನು ನಾವು ಬಿಡಿಸಿ ಮುಗಿಸಿದ ಮೇಲೆ ಮತ್ತೆ ಹಾಡಿಸಿದರು. ಗಾಯಕಿ ಕೊನೆಯ ಸ್ವರವನ್ನು ಎಳೆದರು, ನಮ್ಮ ಬಾಯಿಗಳು ಅಷ್ಟರಲ್ಲಿ ಮುಚ್ಚಿದ್ದವು.

ಒಂದು ದೃಶ್ಯ ಮಾತ್ರ ಪೂರ್ತಿ ನನ್ನದು. ಕಥೆಯಲ್ಲಿ ಇರಲಿಲ್ಲ, ಜಗಳವಾಡಿ ಸೇರಿಸಿದೆ. ದೊಡ್ಡ ಕಿನ್ನರಿ ಯಾರೂ ಇಲ್ಲದಾಗ ಪೆಟ್ಟಿಗೆ ತೆರೆದು, ರೆಕ್ಕೆಗಳನ್ನು ಮಡಿಲಲ್ಲಿಟ್ಟು ಸವರಿ, ಹಾಗೇ ಒಳಗಿಡುತ್ತಾಳೆ. ಹನ್ನೆರಡು ಸೆಕೆಂಡು, ನೂರಾ ನಲವತ್ತನಾಲ್ಕು ಚಿತ್ರ. ನಮ್ಮ ನಿರ್ದೇಶಕರು “ಇದ್ಯಾಕೆ?” ಎಂದರು. “ಬಚ್ಚಿಟ್ಟೋಳಿಗೂ ನಿದ್ದೆ ಬರಲ್ಲ ಸರ್” ಎಂದೆ.

ಅದು ಸರಿ, ನಿನ್ನ ಅಂಕಣ ಎಲ್ಲಿ? ಬೇರೆ ಎಲ್ಲರದೂ ಬಂತು. ನೀನು ಇಷ್ಟು ಅಳೆದೂ ಸುರಿದೂ ಮಾಡುವವಳಲ್ಲ. ನಾನು ಬಿಡಿಸಿದ್ದು ಚೆನ್ನಾಗಿದೆ ಎಂದು ಬರೆಯಲು ನಿನ್ನ ಪೆನ್ನಿಗೆ ಕಷ್ಟವಾಗುತ್ತಿದೆಯೇನೋ ಎಂಬ ಅನುಮಾನ ನನಗೂ ಬರುತ್ತಿದೆ.

ಮರಿ


ಮಾರ್ಚ್ 7

ಮರಿ,

ಅಂಕಣವನ್ನು ಕತ್ತರಿಸಿ ಇದರ ಜೊತೆಗಿಟ್ಟಿದ್ದೇನೆ. ನೀನು ನನ್ನ ತಂಗಿಯೆಂದು ಸಂಪಾದಕರಿಗೆ ಹೇಳಿಲ್ಲ. ಆದ್ದರಿಂದ ನಿಷ್ಪಕ್ಷಪಾತವಾಗಿಯೇ ಬರೆದಿದ್ದೇನೆ.

ನೀನು ಅಷ್ಟು ಹೆಮ್ಮೆಪಟ್ಟ ದೃಶ್ಯವನ್ನು ತಪ್ಪಿನ ಪಟ್ಟಿಗೆ ಹಾಕಿದ್ದೇನೆ. “ಕದ್ದವಳು ಕದ್ದ ಮಾಲನ್ನು ಮಡಿಲಲ್ಲಿಟ್ಟು ಸವರುತ್ತಾಳೆಂಬುದು ನಂಬಲಾಗದ್ದು, ಕತ್ತರಿಗೆ ಯೋಗ್ಯ.” ಓದಿದಾಗ ಬೇಸರವಾದರೆ ಆಗಲಿ.

ಕಥೆ ಬರೆದವರು ಬೇರೆ ಎನ್ನುತ್ತೀಯ. ಇರಬಹುದು. ಆದರೆ ಅವರ ಮುಂದೆ ಕೂತು ಮನೆಯ ಮಾತು ಆಡಿದವರು ಯಾರು? ಬೆಕ್ಕೇ? ನೀನು ಮೊದಲಿನಿಂದಲೂ ಹೀಗೆಯೇ, ನೇರವಾಗಿ ಕೇಳುವುದಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಡುತ್ತೀಯ. ಸಾವಿರಾರು ಜನ ಕೂತ ಕತ್ತಲಲ್ಲಿ ನನ್ನ ಹುಬ್ಬು ತೋರಿಸಿ ನಗಿಸುವುದಕ್ಕಿಂತ ಒಂದು ಕಾಗದದಲ್ಲಿ ಕೇಳಬಹುದಿತ್ತಲ್ಲ?

ದೊಡ್ಡ ಕಿನ್ನರಿ ಕೊನೆಗೆ ಕಲ್ಲಾಗುತ್ತಾಳೆ. ಏನು ನ್ಯಾಯ ಇದು? ಒಬ್ಬಳು ಮನೆಯ ಪರಿಸ್ಥಿತಿ ನೋಡಿ, ಭಯಕ್ಕೆ, ಹತ್ತೊಂಬತ್ತು ದಿನ ಒಂದನ್ನು ಎತ್ತಿಟ್ಟರೆ ಅವಳನ್ನು ಕಲ್ಲು ಮಾಡಿಬಿಡುವುದೇ? ಅವಳ ಕಡೆಯ ಮಾತನ್ನು ಒಂದು ಹಾಡಿನಲ್ಲಾದರೂ ಹೇಳಿಸಿದ್ದರೆ ಸಿನಿಮಾ ಉದ್ಧಾರವಾಗುತ್ತಿತ್ತು.

ಅಕ್ಕ


ಮಾರ್ಚ್ 13

ಅಕ್ಕ,

ನಿನ್ನ ಅಂಕಣವನ್ನು ಹಂಚಿಕೆದಾರರು ನಮ್ಮ ನಿರ್ದೇಶಕರ ಮೇಜಿನ ಮೇಲೆ ತಂದಿಟ್ಟರು. “ನೋಡಿ, ಪತ್ರಿಕೆಯವರೂ ಇದನ್ನೇ ಹೇಳ್ತಿದ್ದಾರೆ” ಎಂದರು. ಈ ಶುಕ್ರವಾರದಿಂದ ಆ ಹನ್ನೆರಡು ಸೆಕೆಂಡು ಇರುವುದಿಲ್ಲ. ನೂರಾ ನಲವತ್ತನಾಲ್ಕು ಚಿತ್ರಗಳನ್ನು ಒಂದು ರಟ್ಟಿನ ಡಬ್ಬಕ್ಕೆ ತುಂಬಿ ಮನೆಗೆ ತಂದೆ.

ಬೇಕೆಂದೇ ಮಾಡಿದೆಯಾ ಎಂದು ಕೇಳಬೇಕೆಂದಿದ್ದೆ. ಅದಕ್ಕಿಂತ ಬೇರೆ ಒಂದು ಕೇಳುವುದಿದೆ.

ಸಿನಿಮಾದಲ್ಲಿ ಅವಳು ರೆಕ್ಕೆಗಳನ್ನು ಬಚ್ಚಿಡುವುದು ಏಳು ಚಳಿಗಾಲ. ನಿನ್ನ ಕಾಗದದಲ್ಲಿ ಹತ್ತೊಂಬತ್ತು ದಿನ. ಹತ್ತೊಂಬತ್ತು ಎಲ್ಲಿಂದ ಬಂತು?

ಮರಿ


ಮಾರ್ಚ್ 18

ಮರೀ,

ದೃಶ್ಯ ಕತ್ತರಿಸಿದ್ದಕ್ಕೆ ನಿಜವಾಗಿಯೂ ಬೇಸರವಾಯಿತು. ಒಂದು ವಾರಪತ್ರಿಕೆಯ ಮಾತಿಗೆ ಅವರು ಇಷ್ಟು ಬೆಲೆ ಕೊಡುತ್ತಾರೆಂದು ಯಾರಿಗೆ ಗೊತ್ತಿತ್ತು?

ಹತ್ತೊಂಬತ್ತು ಎಂದು ಬಾಯಿಗೆ ಬಂದದ್ದು ಬರೆದಿರಬೇಕು. ಹತ್ತಿಪ್ಪತ್ತು ಎನ್ನುವುದಿಲ್ಲವೇ, ಹಾಗೆ. ದಿನವಿಡೀ ಪ್ರೂಫ್ ನೋಡಿ ನೋಡಿ ಅಂಕಿಗಳು ತಲೆಯಲ್ಲಿ ಕಲಸಿಹೋಗುತ್ತವೆ. ಇಷ್ಟು ಸಣ್ಣದನ್ನು ಹಿಡಿದು ಎಳೆಯಬೇಡ.

ಇಲ್ಲಿ ಬಿಸಿಲು ಜೋರಾಗಿದೆ. ಮೈ ಕಡೆ ನೋಡಿಕೋ. ಮೇಜಿನ ಮುಂದೆ ಕೂತು ಕೂತು ನಿನ್ನ ಬೆನ್ನುನೋವು ಹೆಚ್ಚಾಗಿರಬಹುದು.

ಅಕ್ಕ


ಏಪ್ರಿಲ್ 10
ರಿಜಿಸ್ಟರ್ಡ್ ಅಂಚೆ, ರಸೀದಿ ಸಹಿತ

ಅಕ್ಕ,

ನೀನು ನನ್ನ ಬೆನ್ನುನೋವನ್ನು ವಿಚಾರಿಸಿದ ದಿನವೇ ನನಗೆ ಅನುಮಾನ ಗಟ್ಟಿಯಾಯಿತು. ಏಳು ವರ್ಷದಲ್ಲಿ ನೀನು ಅದನ್ನು ಕೇಳಿದ್ದು ಅದೇ ಮೊದಲು.

ಸಂದರ್ಶನದ ಕಾಗದವನ್ನು ನಾನು ಎಸೆದಿಲ್ಲ. ಸಿಟ್ಟಿಗೆ ಇಟ್ಟುಕೊಂಡಿದ್ದೆ. ಅದರ ತಲೆಯ ಮೇಲೆ ಕೆಂಪು ಪೆನ್ನಿನಲ್ಲಿ ನಾನೇ ಬರೆದಿದ್ದೇನೆ: “ಜೂನ್ 23ಕ್ಕೆ ಕೈ ಸೇರಿತು, ಆಮೆಯ ಕೃಪೆ.” ಮೊನ್ನೆ ಅದನ್ನು ಹುಡುಕಿ ತೆಗೆದು, ಒಂಬತ್ತು ವರ್ಷದಲ್ಲಿ ಮೊದಲ ಸಲ ಲಕೋಟೆಯನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ನಮ್ಮ ಅಂಚೆಕಚೇರಿಯ ದುಂಡು ಮೊಹರು ಇದೆ. ಕಾಗದ ಅಲ್ಲಿಗೆ ಬಂದದ್ದು ಜೂನ್ 4ಕ್ಕೆ. ಬೆರಳು ಮಡಿಚಿ ಎಣಿಸಿದೆ. ಹತ್ತೊಂಬತ್ತು.

ನಾನು ನಿನ್ನ ಮೇಲೆ ಯಾವ ಆರೋಪವನ್ನೂ ಮಾಡಿರಲಿಲ್ಲ. ನನಗೆ ಏನೂ ಗೊತ್ತೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನೀನೇ.

ಇನ್ನು ಮುಂದೆ ನನ್ನ ಕಾಗದಗಳು ರಿಜಿಸ್ಟರ್ ಆಗಿಯೇ ಬರುತ್ತವೆ. ನೀನು ರುಜು ಹಾಕಿದ ತಾರೀಕು ನನಗೆ ವಾಪಸ್ ಬರುತ್ತದೆ.


ಏಪ್ರಿಲ್ 14

ಮರೀ,

ರುಜು ಹಾಕಿದೆ, ತಾರೀಕನ್ನೂ ಬರೆದೆ.

ಆಗ ಅಮ್ಮ ಸೊಂಟ ಮುರಿದುಕೊಂಡು ಮಲಗಿ ಮೂರು ತಿಂಗಳಾಗಿತ್ತು. ವಾರಪತ್ರಿಕೆಯವರು ನನಗೆ ಬಾ ಎಂದಿದ್ದರು, ನಿನಗೆ ಇನ್ನೂ ಹೇಳಿರಲಿಲ್ಲ. ಇಬ್ಬರಲ್ಲಿ ಒಬ್ಬಳು ಅಮ್ಮನ ಹತ್ತಿರ ಇರಲೇಬೇಕಿತ್ತು. ಅಂಚೆಯವರು ಬಂದಾಗ ನೀನು ಒಳಗೆ ಅಮ್ಮನಿಗೆ ಮೈ ಒರೆಸುತ್ತಿದ್ದೆ. ಲಕೋಟೆಯ ಮೇಲೆ ಸ್ಟುಡಿಯೋದ ಹೆಸರು ಕಂಡಿತು. ರುಜು ಹಾಕಿ ತೆಗೆದುಕೊಂಡು ಪೆಟ್ಟಿಗೆಯಲ್ಲಿ ಕಂಬಳಿಯ ಕೆಳಗೆ ಇಟ್ಟೆ. ನಾಳೆ ಕೊಡೋಣ, ನೋಡೋಣ ಎಂದುಕೊಂಡೆ. ಆ ಹತ್ತೊಂಬತ್ತು ದಿನದ ನಡುವೆ ನಾನು ಕೆಲಸಕ್ಕೆ ಸೇರಿದೆ. ಅಮ್ಮನನ್ನು ನೋಡಿಕೊಳ್ಳಲು ನೀನು ಮನೆಯಲ್ಲಿ ಉಳಿದೆ. ಆಮೇಲೆ, ಈಗ ತಾನೇ ಅಂಚೆಯವರು ಕೊಟ್ಟುಹೋದರೆಂದು ಅದನ್ನು ನಿನ್ನ ಕೈಗಿಟ್ಟೆ.

ಲಕೋಟೆ ಒಡೆಯಲಿಲ್ಲ. ಒಳಗೆ ಒಂದು ತಾರೀಕು ಇರುತ್ತದೆಂದು ಹೊಳೆಯಲಿಲ್ಲ ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದೆ. ಹೊಳೆದಿತ್ತು.

ಯಾರೂ ಇಲ್ಲದಾಗ ದಿನಾ ಅದನ್ನು ಹೊರತೆಗೆಯುತ್ತಿದ್ದೆ. ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ಮೂಲೆ ಮುದುಡಿದ್ದರೆ ಸರಿಮಾಡಿ ಮತ್ತೆ ಇಡುತ್ತಿದ್ದೆ. ನಿನ್ನ ಹನ್ನೆರಡು ಸೆಕೆಂಡು ತೆರೆಯ ಮೇಲೆ ಬಂದಾಗ ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿದೆ. ಇವಳು ಬಾಗಿಲ ಸಂದಿಯಿಂದ ನೋಡಿದ್ದಾಳೆ, ಎಲ್ಲ ಗೊತ್ತಿದ್ದೂ ಇಷ್ಟು ವರ್ಷ ಆಟ ಆಡಿಸಿದ್ದಾಳೆ ಎನ್ನಿಸಿತು. ಅದಕ್ಕೇ ನಂಬಲಾಗದ್ದು ಎಂದು ಅಚ್ಚು ಹಾಕಿಸಿದೆ. ಇಡೀ ಸಿನಿಮಾದಲ್ಲಿ ನಾನು ಪೂರ್ತಿ ನಂಬಿದ ದೃಶ್ಯ ಅದೊಂದೇ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಕ್ಷಮಿಸು.

ಅಕ್ಕ


ಮೇ 6
ರಿಜಿಸ್ಟರ್ಡ್ ಅಂಚೆ, ರಸೀದಿ ಸಹಿತ

ಅಕ್ಕ,

ನಿನ್ನ ಕಾಗದ ಏಪ್ರಿಲ್ 17ಕ್ಕೆ ಬಂತು. ಇವತ್ತಿಗೆ ಹತ್ತೊಂಬತ್ತು ದಿನ. ಅದು ಎಷ್ಟು ಉದ್ದವೆಂದು ನೋಡಬೇಕಿತ್ತು. ತುಂಬಾ ಉದ್ದ.

ಅಮ್ಮನ ಜೊತೆ ಕಳೆದ ಆ ಎರಡು ವರ್ಷ ಹಾಳಾಯಿತೆಂದು ನಾನು ಹೇಳಲಾರೆ. ಆದರೆ ಅದು ನಾನು ಕೊಟ್ಟದ್ದಲ್ಲ, ನೀನು ಕಿತ್ತುಕೊಂಡದ್ದು. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ಈಗ ಅದು ನನಗೂ ಗೊತ್ತಾಗುವಂತಿಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ನಿನ್ನ ಅಂಕಣವನ್ನು ಮತ್ತೆ ಓದಿದೆ. ಹಾಡು ಜಾಸ್ತಿ, ಜೀರುಂಡೆ ಜಾಸ್ತಿ, ಮೂಗು ಕೆಂಪಾಗಲಿಲ್ಲ. ಎಲ್ಲ ಸರಿ. ಸಿನಿಮಾದ ಎಲ್ಲಕ್ಕಿಂತ ದೊಡ್ಡ ತಪ್ಪು ಮಾತ್ರ ನಿನ್ನ ಕಣ್ಣಿಗೆ ಬೀಳಲಿಲ್ಲ. ಚಿತ್ರಿಸಿದ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಏಳು ಚಳಿಗಾಲ ಚಿಕ್ಕ ಕಿನ್ನರಿ ಗಾಳಿಯನ್ನು ಬೈಯುತ್ತಾಳೆ. ಬೈಯುವುದಕ್ಕೆಂದೇ ಒಂದು ಹಾಡಿದೆ. ರೆಕ್ಕೆ ಸಿಕ್ಕಿದ ಮೇಲೆ ಅದೇ ಗಾಳಿಯಲ್ಲಿ ಹಾರಿಹೋಗುತ್ತಾಳೆ, ಒಂದು ಮಾತು ಕೇಳುವುದಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಬೀದಿಯಲ್ಲಿ ನಿಂತು ಆ ಅಂಚೆಯ ಮನುಷ್ಯನನ್ನು ಆಮೆ ಎಂದು ಕರೆದವಳು ನಾನು. ಮಕ್ಕಳೆಲ್ಲ ಅದನ್ನೇ ಹಿಡಿದರು. ಅವರು ಅದೇ ಹೆಸರಿನಲ್ಲಿ ನಿವೃತ್ತರಾದರು. ನೀನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

ನನ್ನ ಕ್ಷಮೆ ಆಮೇಲೆ. ಮೊದಲು ಅವರ ಹತ್ತಿರ ಹೋಗು. ನಿಮ್ಮ ಹಳೆಯ ಟಾಕೀಸಿನಲ್ಲಿ ಮಧ್ಯಾಹ್ನದ ಆಟ ಇನ್ನೂ ನಡೆಯುತ್ತಿದೆಯಂತೆ. ಎರಡು ಟಿಕೆಟ್ ಇಟ್ಟಿದ್ದೇನೆ. ಅವರನ್ನು ಕರೆದುಕೊಂಡು ಹೋಗು, ಪಕ್ಕದಲ್ಲಿ ಕೂರು. ಅವರ ಒಪ್ಪು ಏನು, ತಪ್ಪು ಏನು ಎಂದು ಕೇಳಿ ನನಗೆ ಬರಿ. ಹೋದೆ ಎಂದು ಬರೀ ಬರೆದರೆ ನಂಬುವುದಿಲ್ಲ, ಅರ್ಧ ಹರಿದ ಟಿಕೆಟ್‌ಗಳು ಬೇಕು.

ಮರಿ


ಮೇ 15

ಮರೀ,

ಅರ್ಧ ಹರಿದ ಟಿಕೆಟ್ ಎರಡೂ ಇದರ ಜೊತೆಗಿವೆ.

ಅವರ ಮನೆ ನೀರಿನ ಟ್ಯಾಂಕಿನ ಹಿಂದೆ, ಎರಡನೇ ಮಹಡಿಯಲ್ಲಿದೆ. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿಬಿಟ್ಟೆ. ಒಳಗೆ ಹೋಗಿ ಕೂತರೆ ಬಾಯಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು.

“ಬಂದ ದಿನಾನೇ ಕೊಟ್ಟಿದ್ದೆ ಅಂತ ನನಗೆ ಗೊತ್ತಿರಲ್ವೇನಮ್ಮಾ? ನಿಮ್ಮ ರುಜು ನನ್ನ ಪುಸ್ತಕದಲ್ಲೇ ಇತ್ತು.”

“ಮತ್ತೆ ಅವತ್ತು ಯಾಕೆ ಸುಮ್ಮನಿದ್ರಿ?”

“ನಿಮ್ಮ ತಂಗಿ ಬೈತಾ ಇದ್ರು. ನೀವು ಬಾಗಿಲ ಹಿಂದೆ ಇದ್ರಿ, ಸೀರೆ ಅಂಚು ಕಾಣ್ತಿತ್ತು. ನೀವೇ ಬಂದು ಹೇಳ್ತೀರಿ ಅಂತ ಕಾದೆ. ಒಂದು ವಾರ ನಿಮ್ಮ ಮನೆ ಮುಂದೆ ನಿಧಾನಕ್ಕೇ ಸೈಕಲ್ ತುಳಿದೆ. ಅದಕ್ಕೂ ಆಮೆ ಅಂದ್ರು. ಆಮೇಲೆ ಹೇಳಿದ್ರೆ ಯಾರು ನಂಬ್ತಿದ್ರು?”

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಅಳು ನಿಲ್ಲುವವರೆಗೆ ಕಾದು, “ಸಿನಿಮಾ ಎಷ್ಟು ಗಂಟೆಗೆ?” ಎಂದರು.

ಇಡೀ ಟಾಕೀಸಿನಲ್ಲಿ ಜೀರುಂಡೆಗೆ ನಕ್ಕವರು ಅವರೊಬ್ಬರೇ, ನಿಮ್ಮವರಿಗೆ ಹೇಳು. ನಿನ್ನ ಹನ್ನೆರಡು ಸೆಕೆಂಡು ಇರಲಿಲ್ಲ. ದೊಡ್ಡವಳು ಪೆಟ್ಟಿಗೆಯ ಕಡೆ ಬಗ್ಗುತ್ತಾಳೆ, ಮರುಕ್ಷಣ ಕಿಟಕಿಯ ಹತ್ತಿರ ಇದ್ದಾಳೆ. ನಡುವೆ ಇದ್ದದ್ದನ್ನು ಬೇರೆ ಯಾರಿಗೂ ತಿಳಿಯದಂತೆ ನಾನು ನುಂಗಿಹಾಕಿದ್ದೆ. ಈ ವಾರದ ಅಂಕಣದಲ್ಲಿ ತಿದ್ದುಪಡಿ ಬಂದಿದೆ, ನೀನು ನನ್ನ ತಂಗಿಯೆಂಬುದನ್ನೂ ಅಚ್ಚು ಹಾಕಿದ್ದೇನೆ. ಸಂಪಾದಕರು ಮೂರು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಅಂಕಣ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಹೊರಗೆ ಬಂದ ಮೇಲೆ ಒಪ್ಪು ಏನು ಎಂದು ಕೇಳಿದೆ. “ಏಣಿ ಹಾಡು” ಎಂದರು. ತಪ್ಪು ಏನು ಎಂದು ಕೇಳಿದ್ದಕ್ಕೆ ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ತಿರುಗಿದರು.

“ರೆಕ್ಕೇನ ದೊಡ್ಡೋಳು ಜೀರುಂಡೆ ಕೈಲಿ ವಾಪಸ್ ಕಳಿಸ್ತಾಳಲ್ಲ, ಅದು ಸರಿಯಿಲ್ಲ. ಮೂವತ್ತೆಂಟು ವರ್ಷ ಊರವರ ಕಾಗದ ಹೊತ್ತೋನು ಹೇಳ್ತಿದೀನಿ ಕೇಳಮ್ಮ. ಕೆಲವನ್ನ ಇನ್ನೊಬ್ಬರ ಕೈಲಿ ಕಳಿಸಬಾರದು.”

ಅದಕ್ಕೇ ಈ ಕಾಗದಕ್ಕೆ ಅಂಚೆಚೀಟಿ ಹಚ್ಚಿಲ್ಲ. ನಿನ್ನ ಸ್ಟುಡಿಯೋದ ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಚೀಲವನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಗೇಟಿನ ಕಾವಲುಗಾರ, “ಇಲ್ಲಿ ಕೊಡಿ, ನಾನು ತಲುಪಿಸ್ತೀನಿ” ಎಂದ. ಬೇಡವೆಂದೆ. ಆಗಿನಿಂದ ನನ್ನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡುತ್ತಿದ್ದಾನೆ. ನೀನು ಹೊರಡುವುದು ಸಂಜೆ ಆರಕ್ಕಂತೆ. ಹಿಂದಿನ ಗೇಟು ಒಂದಿದೆ ಎಂದೂ ಅವನೇ ಹೇಳಿದ. ನೀನು ಅದರಿಂದ ಹೋದರೆ ನಾನು ತಪ್ಪು ತಿಳಿಯುವುದಿಲ್ಲ. ಬೆಳಿಗ್ಗೆಯೂ ಇದೇ ಬೆಂಚಿನ ಮೇಲೆ ಇರುತ್ತೇನೆ.

ರುಜು ಹಾಕಿ ತೆಗೆದುಕೋ. ಕೆಳಗೆ ಜಾಗ ಬಿಟ್ಟಿದ್ದೇನೆ. ತಾರೀಕನ್ನು ನೀನೇ ಹಾಕು.

ಅಕ್ಕ


ಮುಟ್ಟಿತು. ಮೇ 16, ಬೆಳಿಗ್ಗೆ ಒಂಬತ್ತು ಗಂಟೆ.
ಒಂದು ದಿನ ತಡವಾದದ್ದು ನನ್ನಿಂದ. ಅಂಚೆಯಣ್ಣನ ತಪ್ಪಿಲ್ಲ.
— ಮರಿ